ಕಣ್ಣು ಮುಚ್ಚಿ ನೋಡುವ ಧಾರಾವಾಹಿ



ಈ ಹೊತ್ತು ಒಂದು ಹಳೆಯ ಟಿ.ವಿ. ಧಾರಾವಾಹಿಯ ಬಗ್ಗೆ ಮಾತಾಡಬೇಕೆಂದಿದ್ದೇನೆ. ಬಾನುಲಿಯಲ್ಲಿ ಕೂತು ಟಿ.ವಿ.ಯ ಮಾತೇಕೆ ಎಂದು ನೀವು ಕೇಳಬಹುದು. ಕಾರಣ ಇದೆ. ನೋಡಿದವರಲ್ಲಿ ಬಹಳ ಮಂದಿ ಬೈದ ಕತೆ ಅದು. ಕಿವಿಗೊಟ್ಟು ಕೇಳಿದವರು ಕಡಿಮೆ. ಅದರ ಪರವಾಗಿ ವಕಾಲತ್ತು ಹಾಕುವುದಾದರೆ ಬಾನುಲಿಗಿಂತ ಒಳ್ಳೆಯ ಕಟ್ಟೆ ನನಗೆ ಸಿಗಲಾರದು.

ಧಾರಾವಾಹಿಯ ಹೆಸರು ಡಾಕ್ಟರ್ ಹೂ. ಬ್ರಿಟನ್ನಿನ ಬಿಬಿಸಿ 1963ರ ನವೆಂಬರಿನಲ್ಲಿ ಶುರುಮಾಡಿದ್ದು. ಶನಿವಾರ ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಕೂರುವ ಹೊತ್ತಿಗೆ 25 ನಿಮಿಷದ ಒಂದು ಕಂತು. ನಾನು ಈಗ ಮಾತಾಡಲಿರುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಡಾಕ್ಟರ್ ಎಂಬ ಒಬ್ಬ ಮುದುಕ. ಅವನಿಗೊಂದು ವಾಹನ. ಅದಕ್ಕೆ ಟಾರ್ಡಿಸ್ ಎಂದು ಹೆಸರು. ಹೊರಗಿನಿಂದ ಅದು ಒಂದು ನೀಲಿ ಗೂಡು. ಲಂಡನ್ನಿನ ಬೀದಿ ಮೂಲೆಗಳಲ್ಲಿ ಪೊಲೀಸರಿಗೆ ಫೋನ್ ಮಾಡಲೆಂದು ಆಗ ನಿಲ್ಲಿಸಿರುತ್ತಿದ್ದಂಥದು. ಒಳಗೆ ಕಾಲಿಟ್ಟರೆ ದೊಡ್ಡ ಹಜಾರ. ಅದು ಗ್ರಹದಿಂದ ಗ್ರಹಕ್ಕೂ ಹೋಗುತ್ತದೆ, ಒಂದು ಕಾಲದಿಂದ ಇನ್ನೊಂದು ಕಾಲಕ್ಕೂ ಹೋಗುತ್ತದೆ. ಎಲ್ಲಿಗೆ ಹೋಗುತ್ತದೆ ಎನ್ನುವುದು ಮಾತ್ರ ಓಡಿಸುವವನ ಕೈಯಲ್ಲಿರುವುದಿಲ್ಲ. ಇದರ ಮೊದಲ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ಆಗ ಆಕೆಗೆ ಇನ್ನೂ 30 ತುಂಬಿರಲಿಲ್ಲ. ಮೊದಲ ಕತೆಯನ್ನು ನಿರ್ದೇಶಿಸಿದವರು ವಾರಿಸ್ ಹುಸೇನ್, ನಮ್ಮ ಲಖನೌದಲ್ಲಿ ಹುಟ್ಟಿದವರು. ಇದು ಇಂದಿನ ವಿಷಯವಲ್ಲ. ಆದರೂ ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಇಂದಿನ ವಿಷಯ 1965ರ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಬಂದ ಆರು ಕಂತಿನ ಒಂದು ಕತೆ. ದಿ ವೆಬ್ ಪ್ಲಾನೆಟ್ ಎಂದು ಹೆಸರು. ಬರೆದವರು ಆಸ್ಟ್ರೇಲಿಯಾ ಮೂಲದ ಬಿಲ್ ಸ್ಟ್ರಟನ್. ನಿರ್ದೇಶಕ ರಿಚರ್ಡ್ ಮಾರ್ಟಿನ್. ಅಭಿಮಾನಿಗಳು ಒಳ್ಳೆಯ ಕತೆ, ಕೆಟ್ಟ ಕತೆ ಎಂದು ಪಟ್ಟಿ ಮಾಡುವಾಗೆಲ್ಲ ಇದಕ್ಕೆ ಕೆಳಗಿನ ಸಾಲೇ ಗತಿ. ನಾನು ಇದನ್ನು ಮೇಲಿನ ಸಾಲಿಗೆ ಏರಿಸಲು ಬಂದಿಲ್ಲ. ಇದರಲ್ಲಿ ಏನು ಕೆಟ್ಟಿದೆಯೋ ಅದು ಕಣ್ಣಿಗೆ ಕಂಡದ್ದು, ಏನು ಉಳಿದಿದೆಯೋ ಅದು ಕಿವಿಗೆ ಬಿದ್ದದ್ದು ಎಂದಷ್ಟೇ ನನ್ನ ವಾದ.

ಮೊದಲು ಕತೆ ಕೇಳಿ.

ಡಾಕ್ಟರ್ ಜೊತೆ ಮೂವರಿದ್ದಾರೆ. ಇಬ್ಬರು ಲಂಡನ್ನಿನ ಶಾಲೆಯವರು, ವಿಜ್ಞಾನದ ಮೇಷ್ಟ್ರು ಇಯಾನ್ ಮತ್ತು ಇತಿಹಾಸದ ಟೀಚರ್ ಬಾರ್ಬರಾ. ಇನ್ನೊಬ್ಬಳು ವಿಕಿ, 25ನೇ ಶತಮಾನದ ಹುಡುಗಿ. ಇವರ ವಾಹನವನ್ನು ಯಾವುದೋ ಶಕ್ತಿ ಎಳೆದು ಒಂದು ಗ್ರಹದ ಮೇಲೆ ಕೂಡಿಸಿಬಿಡುತ್ತದೆ. ಗ್ರಹದ ಹೆಸರು ವೋರ್ಟಿಸ್. ಅವರಿಳಿದ ಕಡೆ ಹಸಿರಿನ ಸುಳಿವಿಲ್ಲ. ಬರೀ ಕಲ್ಲುಬಂಡೆ. ನಡುನಡುವೆ ಆಮ್ಲ ತುಂಬಿದ ಕೊಳಗಳು. ಮೇಲೆ ಕಪ್ಪು ಆಕಾಶ, ಅದರಲ್ಲಿ ಒಂದಕ್ಕಿಂತ ಹೆಚ್ಚು ಚಂದ್ರರು.

ಅಲ್ಲಿ ಮನುಷ್ಯರಿಲ್ಲ. ಇರುವವರೆಲ್ಲ ಕೀಟಗಳು. ಒಂದು, ಜಾರ್ಬಿ. ಆಳೆತ್ತರದ ಇರುವೆ. ಇನ್ನೊಂದು, ಮೆನಾಪ್ಟ್ರಾ. ಚಿಟ್ಟೆಯ ರೆಕ್ಕೆ, ಮೈತುಂಬ ಜೇನ್ನೊಣದ ಹಾಗೆ ಪಟ್ಟೆ ಪಟ್ಟೆ ರೋಮ. ಗ್ರಹ ಒಂದು ಕಾಲಕ್ಕೆ ಇವರದಾಗಿತ್ತು. ಹೂವಿತ್ತು, ಬೆಳಕಿತ್ತು, ಗುಡಿಗಳಿದ್ದವು. ಜಾರ್ಬಿಗಳು ಆಗ ದನಕರುಗಳಷ್ಟೇ ಸಾಧು. ಅಷ್ಟರಲ್ಲಿ ಹೊರಗಿನಿಂದ ಏನೋ ಬಂದು ಬೇರೂರಿತು. ಅದರ ಹೆಸರು ಅನಿಮಸ್. ಕೂತಲ್ಲಿಂದಲೇ ತನ್ನ ಸುತ್ತ ಬಲೆ ಬೆಳೆಸಿತು. ಜಾರ್ಬಿಗಳ ಬುದ್ಧಿಯನ್ನು ಕಸಿದು ತನ್ನ ದಂಡು ಮಾಡಿಕೊಂಡಿತು. ಮೆನಾಪ್ಟ್ರಾಗಳು ಚಂದ್ರನೊಂದಕ್ಕೆ ಓಡಿಹೋದರು. ಸಿಕ್ಕಿಬಿದ್ದವರ ರೆಕ್ಕೆ ಕಿತ್ತು ಜಾರ್ಬಿಗಳು ಜೀತಕ್ಕೆ ಹಚ್ಚಿದವು. ಕೆಲವರು ನೆಲದಡಿಗೆ ಇಳಿದರು. ತಲೆಮಾರುಗಳು ಕಳೆದವು. ಅವರ ಮಕ್ಕಳ ಮಕ್ಕಳಿಗೆ ರೆಕ್ಕೆಯೇ ಬರಲಿಲ್ಲ. ಅವರೇ ಆಪ್ಟೆರಾ.

ಈಗ ಓಡಿಹೋದವರು ವಾಪಸು ಬರುತ್ತಿದ್ದಾರೆ, ತಮ್ಮ ನೆಲ ಕೇಳಲು. ಈ ಹೊತ್ತಿಗೆ ಸರಿಯಾಗಿ ನಮ್ಮ ನಾಲ್ವರು ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. ಇಷ್ಟೇ ಕತೆ.

ಇಷ್ಟು ಕೇಳಿದ ಮೇಲೆ ನಿಮಗೆ ಅನ್ನಿಸಬಹುದು, ಚೆನ್ನಾಗಿಯೇ ಇದೆಯಲ್ಲ, ಇದಕ್ಕೇಕೆ ಬೈಗುಳ? ಬೈದವರ ಮಾತನ್ನೂ ಕೇಳೋಣ. ಅವರು ಹೇಳಿದ್ದು ಸುಳ್ಳಲ್ಲ.

ಜಾರ್ಬಿಯನ್ನೇ ತೆಗೆದುಕೊಳ್ಳಿ. ಗಟ್ಟಿ ಚಿಪ್ಪಿನ ವೇಷ. ಒಳಗೆ ಒಬ್ಬ ನಟ ಬಗ್ಗಿ ನಿಂತಿದ್ದಾನೆ. ಇರುವೆಯ ಹಿಂಗಾಲುಗಳು ಅವನ ಕಾಲುಗಳೇ. ಅವು ಎಷ್ಟು ಸ್ಪಷ್ಟವಾಗಿ ಮನುಷ್ಯನ ಕಾಲುಗಳೆಂದರೆ, ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಆರು ಕಂತಿನುದ್ದಕ್ಕೂ ಬೇರೇನೂ ಕಾಣುವುದಿಲ್ಲ. ಆ ವೇಷದಲ್ಲಿ ನಟನಿಗೆ ಎದುರಿನದು ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಮೂರನೆಯ ಕಂತಿನಲ್ಲಿ ಒಂದು ಜಾರ್ಬಿ ಓಡಿಬಂದು ನೇರವಾಗಿ ಕ್ಯಾಮೆರಾಕ್ಕೇ ಢೀ ಕೊಡುತ್ತದೆ. ಸದ್ದೂ ಕೇಳಿಸುತ್ತದೆ. ಆಗಿನ ವಿಡಿಯೋ ಟೇಪನ್ನು ಕತ್ತರಿಸಿ ಜೋಡಿಸುವುದು ದುಬಾರಿ ಕೆಲಸ. ಒಂದು ಕಂತನ್ನು ಹೆಚ್ಚುಕಡಿಮೆ ನಾಟಕದ ಹಾಗೆ ಒಂದೇ ಓಟದಲ್ಲಿ ಆಡಿ ಮುಗಿಸುತ್ತಿದ್ದರು. ಹಾಗಾಗಿ ಆ ಢಿಕ್ಕಿಯೂ ಹಾಗೆಯೇ ಉಳಿದು ಪ್ರಸಾರವಾಯಿತು.

ಮೆನಾಪ್ಟ್ರಾಗಳು ಹಾರುವಾಗ ತಂತಿಯ ಮೇಲೆ ತೂಗಾಡುತ್ತಾರೆ. ಅನ್ಯಗ್ರಹದ ಗಾಳಿ ಬೇರೆ ಥರ ಕಾಣಲಿ ಎಂದು ನಿರ್ದೇಶಕರು ಕ್ಯಾಮೆರಾದ ಮುಂದೆ ವ್ಯಾಸಲೀನ್ ಸವರಿಸಿದರು. ಅದರಿಂದ ಅಂಚುಗಳೆಲ್ಲ ಕದಡಿದ ಹಾಗಾಗಿ, ಕೆಲವೆಡೆ ಗಾಜು ಒರೆಸಲು ಮರೆತಿದ್ದಾರೇನೋ ಅನ್ನಿಸುತ್ತದೆ. ಜೊತೆಗೆ ಕತೆಯ ಉದ್ದ. ಆರು ಕಂತೆಂದರೆ ಎರಡೂವರೆ ಗಂಟೆ. ಸರಕು ನಾಲ್ಕು ಕಂತಿನದು.

ನೋಡುಗರ ಲೆಕ್ಕವೂ ಇದನ್ನೇ ಹೇಳುತ್ತದೆ. ಮೊದಲ ಕಂತಿಗೆ ಸುಮಾರು 1 ಕೋಟಿ 35 ಲಕ್ಷ ನೋಡುಗರಿದ್ದರು. ಆ ದಶಕದಲ್ಲಿ ಈ ಧಾರಾವಾಹಿಯ ಯಾವ ಕಂತೂ ಅದನ್ನು ಮೀರಿಸಲಿಲ್ಲ. ಕೊನೆಯ ಕಂತಿನ ಹೊತ್ತಿಗೆ ಅದರಲ್ಲಿ ಸುಮಾರು 20 ಲಕ್ಷ ಜನ ಎದ್ದು ಹೋಗಿದ್ದರು. ಬಿಬಿಸಿ ಪ್ರತಿ ಕಂತಿಗೂ ನೂರಕ್ಕೆ ಇಷ್ಟು ಎಂದು ನೋಡುಗರಿಂದ ಅಂಕ ಹಾಕಿಸುತ್ತಿತ್ತು. ಮೊದಲ ವಾರ 55ರ ಆಸುಪಾಸು ಇದ್ದ ಅಂಕ ಕೊನೆಗೆ 40ರ ಹತ್ತಿರಕ್ಕೆ ಇಳಿಯಿತು. ಡಾಲೆಕ್ ಎಂಬ ಲೋಹದ ಜೀವಿಗಳು ಅದಕ್ಕೂ ಮೊದಲೇ ಮಕ್ಕಳನ್ನು ಮರುಳು ಮಾಡಿದ್ದವು. ಜಾರ್ಬಿಗಳೂ ಹಾಗೇ ಗೆಲ್ಲುತ್ತವೆ ಎಂದು ಲೆಕ್ಕ ಹಾಕಿದ್ದವರಿದ್ದರು. ಗೆಲ್ಲಲಿಲ್ಲ.

ಹಾಗಾದರೆ ಇಲ್ಲಿಯ ತನಕ ಹೇಳಿದ್ದೇನು? ಕತೆ ಚೆನ್ನಾಗಿದೆ, ಕಂಡ ರೂಪ ನಗೆಪಾಟಲು. ಇದರಲ್ಲಿ ತಕರಾರಿಲ್ಲ. ಇನ್ನು ನನ್ನ ವಾದ.

ನಮ್ಮ ಯಕ್ಷಗಾನ ನೋಡಿ. ವೇಷಧಾರಿ ರಂಗಸ್ಥಳದಲ್ಲಿ ಒಂದು ಸುತ್ತು ಹಾಕುತ್ತಾನೆ. ಅಷ್ಟಕ್ಕೆ ಅವನು ಕಾಡು ದಾಟಿ, ಹೊಳೆ ದಾಟಿ ಬೇರೆ ರಾಜ್ಯಕ್ಕೆ ಬಂದಾಯಿತು. ಪಕ್ಕದಲ್ಲಿ ಕೂತ ಅಜ್ಜಿಯೂ ಇದೆಲ್ಲಿಯ ಹೊಳೆ ಎಂದು ಕೇಳುವುದಿಲ್ಲ. ಭಾಗವತರ ಪದ ಮತ್ತು ಚೆಂಡೆಯ ಪೆಟ್ಟು ಅವಳಿಗೆ ಆ ಹೊಳೆಯನ್ನು ಕೊಟ್ಟಿರುತ್ತವೆ. ಅಲ್ಲಿ ಕಣ್ಣಿಗೆ ಅರ್ಧ ಕೆಲಸ, ಕಿವಿಗೆ ಅರ್ಧ ಕೆಲಸ. ವೆಬ್ ಪ್ಲಾನೆಟ್ ಮಾಡಿದವರು ಆ ಬಗೆಯ ನಾಟಕವನ್ನೇ ಕಟ್ಟಿದ್ದರು ಎಂದು ನನಗನ್ನಿಸುತ್ತದೆ. ಅವರ ಕಷ್ಟ ಏನೆಂದರೆ, ಅದನ್ನು ಕ್ಯಾಮೆರಾದ ಮುಂದೆ ಕಟ್ಟಿದರು. ಕ್ಯಾಮೆರಾ ಹತ್ತಿರ ಹೋಗಿ ಇರುವೆಯ ಕಾಲು ನೋಡುತ್ತದೆ. 1965ರಲ್ಲಿ ಮನೆಮನೆಯ ಪರದೆ ಚಿಕ್ಕದು, ಕಪ್ಪು ಬಿಳುಪು, ಮಸುಕು. ಆಗ ಅಷ್ಟಿಷ್ಟು ಮಾಫಿ ಇತ್ತು. ಇಂದು ಗೋಡೆಯಗಲದ ಪರದೆಯಲ್ಲಿ ಅದನ್ನು ನೋಡುವವರು ನಟನ ಮೊಣಕಾಲು ನೋಡಿ ನಗುತ್ತಾರೆ. ನಗಲಿ. ಕಿವಿಯ ಅರ್ಧ ಕೆಲಸ ಹಾಗೇ ಉಳಿಯಿತು. ಅದನ್ನು ನಾವು ಮಾಡೋಣ.

ಮೊದಲ ಸದ್ದು ಜಾರ್ಬಿಯದು. ಇಲೆಕ್ಟ್ರಾನಿಕ್ ಚಿಲಿಪಿಲಿ ಅದು. ಹಕ್ಕಿಯದಲ್ಲ, ಜೀರುಂಡೆಯದೂ ಅಲ್ಲ. ಎತ್ತರಕ್ಕೇರಿ ಬಡಬಡಿಸಿ, ಉಸಿರು ತೆಗೆದುಕೊಳ್ಳದೆ ಮತ್ತೆ ಶುರುವಾಗುತ್ತದೆ. ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪ್ ಎಂಬ ವಿಭಾಗ ಇಂಥ ಸದ್ದುಗಳನ್ನು ಹುಟ್ಟಿಸುತ್ತಿತ್ತು. ಅಲ್ಲಿ ಬ್ರಯನ್ ಹಾಜ್ಸನ್ ಈ ಧಾರಾವಾಹಿಯ ಸದ್ದುಗಳನ್ನು ನೋಡಿಕೊಳ್ಳುತ್ತಿದ್ದರು. ಈ ಚಿಲಿಪಿಲಿ ಕಿವಿಗೆ ಹಿತವಲ್ಲ. ತಲೆನೋವು ಬರುತ್ತದೆ ಎಂದು ದೂರುವವರನ್ನು ನಾನು ಒಪ್ಪುತ್ತೇನೆ. ಆದರೆ ತುಸು ಯೋಚಿಸಿ. ಜಾರ್ಬಿಗೆ ಭಾಷೆ ಇಲ್ಲ. ಅದು ಹೆದರಿದೆಯೋ, ಸಿಟ್ಟಾಗಿದೆಯೋ, ಯಾರಾದರೂ ಹೇಳಿದ್ದನ್ನು ಮಾಡುತ್ತಿದೆಯೋ, ನಮಗೆ ತಿಳಿಯುವುದಿಲ್ಲ. ಮನುಷ್ಯರು ಮಾತಾಡಿಸಿದರೆ ಉತ್ತರ ಬರುವುದಿಲ್ಲ, ಅದೇ ಸದ್ದು ಬರುತ್ತದೆ. ಪರಲೋಕದ ಜೀವಿ ಎದುರು ಬಂದರೆ ಅದು ಚೊಕ್ಕ ಇಂಗ್ಲಿಷಿನಲ್ಲಿ ಬೆದರಿಕೆ ಹಾಕುತ್ತದೆ ಎಂದು ನಂಬಿದ ಧಾರಾವಾಹಿಗಳ ನಡುವೆ ಇದು ಎಷ್ಟು ದಿಟ್ಟತನ!

ಎರಡನೆಯ ಸದ್ದು ಸಂಗೀತ. ಈ ಕತೆಗೆಂದೇ ಯಾರೂ ಸಂಗೀತ ಬರೆಯಲಿಲ್ಲ. ಲೆ ಸ್ಟ್ರುಕ್ತೂರ್ ಸೊನೋರ್ ಎಂಬ ಫ್ರೆಂಚ್ ವಾದ್ಯತಂಡದ ಧ್ವನಿಮುದ್ರಣಗಳನ್ನು ತೆಗೆದುಕೊಂಡು ಬಳಸಿದರು. ಅವರ ವಾದ್ಯಗಳ ಹಿನ್ನೆಲೆ ಕೇಳಿ, ಚೆನ್ನಾಗಿದೆ. ಬಾಶೆ ಎಂಬ ಅಣ್ಣತಮ್ಮಂದಿರು 1950ರ ದಶಕದ ಆರಂಭದಲ್ಲಿ ಒಂದು ವಾದ್ಯ ಕಟ್ಟಿದರು. ಅದರಲ್ಲಿ ಗಾಜಿನ ಕಡ್ಡಿಗಳ ಸಾಲು. ಬೆರಳನ್ನು ನೀರಿನಲ್ಲಿ ಅದ್ದಿ ಆ ಕಡ್ಡಿಗಳ ಮೇಲೆ ಎಳೆಯಬೇಕು. ಕಂಪನ ಲೋಹಕ್ಕೆ ಹರಿದು, ದೊಡ್ಡ ಲೋಹದ ತಗಡುಗಳಿಂದ ಹೊರಗೆ ಬರುತ್ತದೆ. ತಂತಿಯ ನಾದವಲ್ಲ ಅದು, ಊದುವ ವಾದ್ಯದ್ದೂ ಅಲ್ಲ. ಎಲ್ಲಿಂದ ಶುರುವಾಯಿತು, ಎಲ್ಲಿ ನಿಂತಿತು ಎಂದು ಹಿಡಿಯಲು ಸಿಗುವುದಿಲ್ಲ. ವೆರಿಟಿ ಲ್ಯಾಂಬರ್ಟ್ ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನೇ ಇವರಿಂದ ಮಾಡಿಸಬೇಕೆಂದು ಆಸೆಪಟ್ಟಿದ್ದರು. ಅದು ಕೈಗೂಡಲಿಲ್ಲ. ಆ ಆಸೆ ಈ ಕತೆಯಲ್ಲಿ ಬಾಡಿಗೆಯ ರೂಪದಲ್ಲಿ ತೀರಿತು ಅನ್ನಬಹುದು. ಬಂಡೆಗಳ ಮೇಲೆ ಯಾರೂ ಇಲ್ಲದಾಗ ಆ ನಾದ ಏಳುತ್ತದೆ. ಕಣ್ಣಿಗೆ ಕಾಣುವುದು ಸ್ಟುಡಿಯೋದ ಬಣ್ಣ ಬಳಿದ ಪರದೆ. ಕಿವಿಗೆ ಮಾತ್ರ ಗಾಳಿ ತೆಳುವಾದ ಊರು.

ಎರಡು ಸದ್ದು ಆಯಿತು. ಜಾರ್ಬಿಯ ಚಿಲಿಪಿಲಿ, ಗಾಜಿನ ನಾದ. ಇನ್ನು ಮಾತಾಡುವವರ ಕಡೆ ಬರೋಣ. ಈ ಕತೆಯ ನಿಜವಾದ ಬಂಡವಾಳ ಅಲ್ಲಿದೆ.

ರೋಸ್ಲಿನ್ ಡಿ ವಿಂಟರ್ ಎಂಬ ಕಲಾವಿದೆ ಈ ಕತೆಯಲ್ಲಿ ವ್ರೆಸ್ಟಿನ್ ಎಂಬ ಮೆನಾಪ್ಟ್ರಾ ಪಾತ್ರ ಮಾಡಿದ್ದಾರೆ. ಮೂಕಾಭಿನಯದಲ್ಲಿ ಪಳಗಿದವರು. ಉಳಿದ ನಟರಿಗೆ ಕೀಟದ ಹಾಗೆ ನಿಲ್ಲುವುದು, ನಡೆಯುವುದು, ಕೈ ಎತ್ತುವುದು ಎಲ್ಲವನ್ನೂ ಕಲಿಸಿದವರೂ ಅವರೇ. ಕೀಟ ಚಲನೆ ಎಂದೇ ಹೆಸರುಪಟ್ಟಿಯಲ್ಲಿ ಅವರಿಗೊಂದು ಸಾಲು ಕೊಟ್ಟಿದ್ದಾರೆ. ಮೆನಾಪ್ಟ್ರಾಗಳು ಕೈಗಳನ್ನು ಗಾಳಿಯಲ್ಲಿ ಹರಿಸುತ್ತಾ ಮಾತಾಡುತ್ತಾರೆ. ಮಾತು ಹಾಡಿನ ಹಾಗೆ ಏರಿ ಇಳಿಯುತ್ತದೆ. ವಾಕ್ಯದ ನಡುವೆ, ನಾವು ನಿಲ್ಲದ ಕಡೆ ನಿಲ್ಲುತ್ತಾರೆ. ನಾವು ಒತ್ತಿ ಹೇಳದ ಶಬ್ದವನ್ನು ಒತ್ತುತ್ತಾರೆ. ಅವರ ಬಾಯಲ್ಲಿ ಬಾರ್ಬರಾ ಆರ್ಬರಾ ಆಗುತ್ತಾಳೆ, ಇಯಾನ್ ಹೆರಾನ್ ಆಗುತ್ತಾನೆ. ಯಾರೂ ತಿದ್ದುವುದಿಲ್ಲ. ಬಾರ್ಬರಾ ಒಂದು ಸಲವೂ ನನ್ನ ಹೆಸರು ಹಾಗಲ್ಲ ಅನ್ನುವುದಿಲ್ಲ. ಆ ಊರಿನಲ್ಲಿ ಪರದೇಶಿ ತಾನು ಎಂದು ಅವಳಿಗೆ ಗೊತ್ತು.

ಮೊದಲ ಬಾರಿ ಕೇಳುವಾಗ ಈ ಮಾತಿನ ಧಾಟಿ ನಗು ತರಿಸುತ್ತದೆ. ಎರಡನೆಯ ಕಂತಿಗೆ ಅಭ್ಯಾಸವಾಗುತ್ತದೆ. ನಾಲ್ಕನೆಯ ಕಂತಿನಲ್ಲಿ ಸೂಜಿಗಳ ಕುಳಿ ಎಂಬ ಜೀತದ ಶಿಬಿರ ಬರುತ್ತದೆ. ಅಲ್ಲಿ ಪ್ರಾಪಿಲಸ್ ಎಂಬ ಮುದಿ ಮೆನಾಪ್ಟ್ರಾ ಇದ್ದಾನೆ. ಹ್ರೋಸ್ಟಾರ್ ಎಂಬವನಿದ್ದಾನೆ. ಇವರ ರೆಕ್ಕೆ ಕಿತ್ತಿದ್ದಾರೆ. ದಿನವಿಡೀ ಗಿಡಗಂಟಿ ಹೊತ್ತು ತಂದು ಆಮ್ಲದ ಹೊಳೆಗೆ ಸುರಿಯುವುದು ಅವರ ಕೆಲಸ. ಅದೇ ಅನಿಮಸ್‌ನ ಊಟ. ತಮ್ಮ ನೆಲವನ್ನು ತಾವೇ ಬಗೆದು ಶತ್ರುವಿಗೆ ಉಣಿಸಬೇಕು. ಬಾರ್ಬರಾಳನ್ನೂ ಅಲ್ಲಿಗೇ ತಂದು ಹಾಕುತ್ತಾರೆ. ಆಗ ಅವರು ಅದೇ ಹಾಡಿನ ಧಾಟಿಯಲ್ಲಿ ತಮ್ಮ ಹಳೆಯ ಊರಿನ ಬಗ್ಗೆ ಮಾತಾಡುತ್ತಾರೆ. ನಗು ಬರುವುದಿಲ್ಲ. ಧಾಟಿ ಬದಲಾಗಿಲ್ಲ, ನಮ್ಮ ಕಿವಿ ಬದಲಾಗಿದೆ. ಬಿಲ್ ಸ್ಟ್ರಟನ್ ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಜರ್ಮನರ ಶಿಬಿರದಲ್ಲಿ ವರ್ಷಗಟ್ಟಲೆ ಇದ್ದವರು. ಬಾಲ್ಯದಲ್ಲಿ ಆಸ್ಟ್ರೇಲಿಯಾದ ದೊಡ್ಡ ಇರುವೆಗಳ ಕಾದಾಟ ನೋಡಿದ್ದು ಈ ಕತೆಗೆ ಬೀಜ ಎಂದು ಎಲ್ಲರೂ ಬರೆಯುತ್ತಾರೆ. ಇರಬಹುದು. ನನಗೆ ಮಾತ್ರ ನಾಲ್ಕನೆಯ ಕಂತು ಕೇಳುವಾಗೆಲ್ಲ ಇರುವೆಗಿಂತ ಮೊದಲು ಆ ಶಿಬಿರವೇ ನೆನಪಾಗುತ್ತದೆ.

ಮೆನಾಪ್ಟ್ರಾಗಳ ಮಾತಿನ ಬಗ್ಗೆ ಹೇಳಿದೆ. ಈಗ ನೆಲದಡಿಯ ಆಪ್ಟೆರಾಗಳ ಮಾತು. ಇವರೂ ಅದೇ ಕುಲದವರು ಎಂಬುದನ್ನು ಮರೆಯಬೇಡಿ. ಕತ್ತಲಲ್ಲಿ ಎಷ್ಟೋ ತಲೆಮಾರು ಬದುಕಿ ಗಿಡ್ಡಗಾಗಿದ್ದಾರೆ. ಕುಪ್ಪಳಿಸಿ ಕುಪ್ಪಳಿಸಿ ನಡೆಯುತ್ತಾರೆ. ಅವರ ಮಾತಿನಲ್ಲಿ ಹಾಡು ಉಳಿದಿಲ್ಲ. ಗಂಟಲಿನಿಂದ ಒಡ್ಡೊಡ್ಡಾಗಿ, ತುಂಡು ತುಂಡಾಗಿ ಬರುತ್ತದೆ. ಗೋಡೆ ಒಡೆಯಬೇಕು ಎಂದು ಹೇಳಲು ಅವರಿಗೆ ನೇರ ಮಾತಿಲ್ಲ. ಗೋಡೆಗೆ ಬಾಯಿ ಮಾಡಬೇಕು, ಅದು ಬೆಳಕಿನ ಜೊತೆ ಮಾತಾಡುವಂತೆ ಎಂಬ ಧಾಟಿಯಲ್ಲಿ ಅನ್ನುತ್ತಾರೆ. ರೆಕ್ಕೆ ಇದ್ದವರು ಅವರ ಪಾಲಿಗೆ ಪೂರ್ವಜರಲ್ಲ, ದೇವರು. ವ್ರೆಸ್ಟಿನ್ ಬಂದು ನಾನು ದೇವರಲ್ಲ, ನಿಮ್ಮವಳೇ ಅಂದರೆ ಆ ಸುದ್ದಿ ಅವರಿಗೆ ಸಿಹಿಯೂ ಅಲ್ಲ. ಒಂದು ಸಮಾಜ ಒಡೆದುಹೋದರೆ ಅದರ ಎರಡು ಚೂರುಗಳ ಮಾತು ಹೇಗೆ ಬೇರೆಬೇರೆ ದಾರಿ ಹಿಡಿಯುತ್ತದೆ ಎಂಬುದನ್ನು ಮಕ್ಕಳ ಧಾರಾವಾಹಿಯೊಂದು ಇಷ್ಟು ಮನಗಂಡು ಕೇಳಿಸಿದೆ. ಇದನ್ನು ಯಾವ ವಿಮರ್ಶಕನೂ ಮೊದಲ ಸಾಲಿನಲ್ಲಿ ಬರೆಯುವುದಿಲ್ಲ. ಮೊದಲ ಸಾಲಿನಲ್ಲಿ ಬರುವುದು ವ್ಯಾಸಲೀನ್.

ಒಂದು ದೃಶ್ಯ ಹತ್ತಿರದಿಂದ ಹೇಳುತ್ತೇನೆ. ಇಯಾನ್, ವ್ರೆಸ್ಟಿನ್ ಮತ್ತು ಕೆಲವು ಆಪ್ಟೆರಾಗಳು ಸುರಂಗ ಕೊರೆಯುತ್ತಾ ಮೇಲೇರುತ್ತಿದ್ದಾರೆ. ಗೋಡೆಯಲ್ಲಿ ಒಂದು ಕಿಂಡಿ ಒಡೆದು ಆಮ್ಲ ಒಳಗೆ ನುಗ್ಗಲು ಶುರುವಾಗುತ್ತದೆ. ಅದನ್ನು ತಡೆಯದಿದ್ದರೆ ಎಲ್ಲರಿಗೂ ಸಾವು. ನೆಮಿನಿ ಎಂಬ ಆಪ್ಟೆರಾ ಮುಂದೆ ಬಂದು ತನ್ನ ತಲೆಯನ್ನೇ ಆ ಕಿಂಡಿಗೆ ಒಡ್ಡುತ್ತಾಳೆ. ಆಮ್ಲ ನಿಲ್ಲುತ್ತದೆ. ಅವಳೂ ನಿಲ್ಲುತ್ತಾಳೆ. ದೊಡ್ಡ ಸಂಗೀತವಿಲ್ಲ, ಅಳುವಿಲ್ಲ. ಅವಳನ್ನು ಹಾಗೆಯೇ ಬಿಟ್ಟು ಉಳಿದವರು ಮುಂದೆ ಕೊರೆಯುತ್ತಾರೆ. ವೇಷ ನೋಡಿದರೆ ರಬ್ಬರಿನ ಮುಖವಾಡ, ಬಟ್ಟೆಯ ಕಾಲುಗಳು. ಆದರೂ ಆ ಕ್ಷಣದಲ್ಲಿ ನಾನು ವೇಷ ನೋಡುತ್ತಿರಲಿಲ್ಲ. ಆ ಹೆಣ್ಣಿನ ಬಾಯಲ್ಲಿ ಅದುವರೆಗೆ ಬಂದ ಮಾತು ಬೆರಳೆಣಿಕೆಯಷ್ಟು.

ಗ್ರಹದ ಜೀವಿಗಳ ಮೂರು ಬಗೆಯ ಸದ್ದು ಹೇಳಿದ ಹಾಗಾಯಿತು. ಭಾಷೆಯಿಲ್ಲದ ಜಾರ್ಬಿ, ಹಾಡಿ ಮಾತಾಡುವ ಮೆನಾಪ್ಟ್ರಾ, ಮಾತು ಮುರಿದ ಆಪ್ಟೆರಾ. ಇನ್ನು ಉಳಿದದ್ದು ಅನಿಮಸ್.

ಅನಿಮಸ್ ಕೊನೆಯ ಕಂತಿನ ತನಕ ಕಾಣಿಸುವುದೇ ಇಲ್ಲ. ಅದು ಬರೀ ಧ್ವನಿ. ಬಲೆಯ ಕೋಟೆಯಲ್ಲಿ ಡಾಕ್ಟರ್‌ನನ್ನು ನಿಲ್ಲಿಸುತ್ತಾರೆ. ಮೇಲಿಂದ ಒಂದು ಪಾರದರ್ಶಕ ಕೊಳವೆ ಅವನ ತಲೆಯ ಮೇಲೆ ಇಳಿಯುತ್ತದೆ. ಅದರೊಳಗಿಂದ ಮಾತು ಕೇಳಿಸುತ್ತದೆ. ಹೆಣ್ಣಿನ ಧ್ವನಿ. ಕ್ಯಾಥರೀನ್ ಫ್ಲೆಮಿಂಗ್ ಎಂಬ ನಟಿಯದು. ಎಷ್ಟು ನಯವಾದ ಮಾತು ಅಂದರೆ, ಆ ಗ್ರಹದಲ್ಲಿ ಯಾರ ಬಾಯಲ್ಲೂ ಅಷ್ಟು ಶುದ್ಧ ಉಚ್ಚಾರಣೆ ಇಲ್ಲ. ತೊದಲಿಲ್ಲ, ತಪ್ಪು ಒತ್ತಿಲ್ಲ. ಬೆದರಿಸುವಾಗಲೂ ಗದರುವುದಿಲ್ಲ. ನೆಲದ ಮಕ್ಕಳೆಲ್ಲ ವಿಚಿತ್ರವಾಗಿ ಮಾತಾಡುತ್ತಾರೆ. ಆಕ್ರಮಿಸಿದ್ದರ ಮಾತು ಮಾತ್ರ ಅಚ್ಚುಕಟ್ಟು. ಬಿಬಿಸಿಯ ಸುದ್ದಿವಾಚಕರ ಇಂಗ್ಲಿಷಿಗೆ ಹೊಂದುವ ಧ್ವನಿ ಆ ಗ್ರಹದವರಲ್ಲಿ ಒಂದೇ, ಅದು ಇಡೀ ಗ್ರಹವನ್ನು ತಿನ್ನುತ್ತಿರುವುದರದು. ಬರೆದವರು ಇದನ್ನು ಬೇಕೆಂದೇ ಮಾಡಿದರೇ? ನನಗೆ ಅದು ಮುಖ್ಯವಲ್ಲ. 1965ರ ಇಂಗ್ಲೆಂಡಿನಲ್ಲಿ, ಒಂದೊಂದೇ ವಸಾಹತು ಕೈಜಾರುತ್ತಿದ್ದ ಕಾಲದಲ್ಲಿ, ಶನಿವಾರ ಸಂಜೆ ಮಕ್ಕಳ ಕಿವಿಗೆ ಇದು ಬಿತ್ತು. ನಮ್ಮಂಥ ಊರಿನ ಕಿವಿಗೆ ಅದು ಇನ್ನೂ ಬೇಗ ತಾಗುತ್ತದೆ.

ಇಲ್ಲಿ ಇನ್ನೊಂದು ಮಾತು. ಈ ಕತೆಯಲ್ಲಿ ಜಾರ್ಬಿಗಳು ಖಳರಲ್ಲ. ಮೊದಲ ಎರಡು ಕಂತಿನಲ್ಲಿ ಹಾಗೆ ತೋರುತ್ತದೆ. ಆಮೇಲೆ ತಿಳಿಯುತ್ತದೆ, ಅವು ಮತ್ತೊಬ್ಬರ ಆಜ್ಞೆಯ ಭಾರ ಹೊತ್ತ ಮೂಕ ಪ್ರಾಣಿಗಳು ಎಂದು. ಅನಿಮಸ್ ಚಿನ್ನದ ಮೂಲಕ ಹಿಡಿತ ಸಾಧಿಸುತ್ತದೆ. ಅದಕ್ಕೆ ಮುಂಚಿನ ಕತೆಯಲ್ಲಿ ರೋಮ್ ಚಕ್ರವರ್ತಿ ನೀರೋ ಬಾರ್ಬರಾಳಿಗೆ ಒಂದು ಚಿನ್ನದ ಕಡಗ ಕೊಟ್ಟಿರುತ್ತಾನೆ. ಆ ಕಡಗ ತೊಟ್ಟ ಕೈ ಇಲ್ಲಿ ಅವಳ ಮಾತು ಕೇಳುವುದಿಲ್ಲ. ತಾನೇ ಎದ್ದು ಅವಳನ್ನು ಬಂಡೆಗಳ ಕಡೆ ಎಳೆದುಕೊಂಡು ಹೋಗುತ್ತದೆ. ಬಾರ್ಬರಾ ಪಾತ್ರದ ಜಾಕ್ವೆಲಿನ್ ಹಿಲ್ ಇದನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆಂದರೆ, ಕೈಯನ್ನು ನೋಡುತ್ತಾ ನಮಗೂ ಮೈ ಜುಂ ಅನ್ನುತ್ತದೆ. ಬಾರ್ಬರಾಳಿಗೆ ಆದದ್ದೇ ಜಾರ್ಬಿಗೂ ಆಗಿದೆ. ಮುಂದೆ ಪಳಗಿದ ಒಂದು ಜಾರ್ಬಿಗೆ ವಿಕಿ ಜಾಂಬೋ ಎಂದು ಹೆಸರಿಟ್ಟು ಸಾಕಿದ ನಾಯಿಯ ಹಾಗೆ ಜೊತೆಗೆ ಕರೆದುಕೊಂಡು ಓಡಾಡುತ್ತಾಳೆ.

ವಿಕಿಯ ಹೆಸರು ಬಂದಿತು, ಒಂದು ಪುಟ್ಟ ದೃಶ್ಯ ಹೇಳಿಬಿಡುತ್ತೇನೆ. ಕತೆಗೆ ಇದರಿಂದ ಏನೂ ಆಗಬೇಕಿಲ್ಲ. ವಿಕಿಗೆ ತಲೆನೋವು. ಬಾರ್ಬರಾ ಒಂದು ಆಸ್ಪಿರಿನ್ ಕೊಡುತ್ತಾಳೆ. ಹುಡುಗಿಗೆ ನಗು. ಅವಳ ಲೆಕ್ಕದಲ್ಲಿ ಅದು ಜಿಗಣೆ ಹಚ್ಚುವ ಕಾಲದ ಔಷಧ. ತಾನು ಹತ್ತನೆಯ ವಯಸ್ಸಿಗೇ ವೈದ್ಯ, ಭೌತ, ರಸಾಯನಗಳಲ್ಲಿ ಪರೀಕ್ಷೆ ಪಾಸಾಗಿದ್ದೇನೆ ಅನ್ನುತ್ತಾಳೆ. ಶಾಲೆಯಲ್ಲಿ ಎಷ್ಟು ಹೊತ್ತು ಇರುತ್ತಿದ್ದೆ ಎಂದರೆ, ವಾರಕ್ಕೆ ಹತ್ತಿರ ಹತ್ತಿರ ಒಂದು ಗಂಟೆ. ಶಿಕ್ಷಕಿ ಬಾರ್ಬರಾಳ ಮುಖ ನೋಡಬೇಕು! ಈ ಕತೆಯಲ್ಲಿ ಹಾಸ್ಯವಿಲ್ಲ ಎಂದು ಬರೆದವರು ಮೊದಲ ಕಂತನ್ನೇ ಪೂರ್ತಿ ನೋಡಿಲ್ಲ ಅನ್ನಬೇಕಾಗುತ್ತದೆ.

ವಕಾಲತ್ತು ಬಹಳವಾಯಿತು. ಕಿವಿಯ ಕಡೆಯಿಂದ ಕೇಳಿದರೂ ಇದರ ಎಲ್ಲ ತಪ್ಪು ಮುಚ್ಚಿಹೋಗುವುದಿಲ್ಲ. ಮಧ್ಯದ ಕಂತುಗಳು ಎಳೆಯುತ್ತವೆ. ಹಿಡಿಯುವುದು, ತಪ್ಪಿಸಿಕೊಳ್ಳುವುದು, ಮತ್ತೆ ಹಿಡಿಯುವುದು. ಡಾಕ್ಟರ್ ಪಾತ್ರದ ವಿಲಿಯಂ ಹಾರ್ಟ್‌ನೆಲ್ ಕೆಲವು ಕಡೆ ಮಾತು ಮರೆತು ಹುಂ, ಹುಂ ಎಂದು ಹೊತ್ತು ಕಳೆಯುತ್ತಾರೆ. ಮರಳಿ ಬಂದ ಮೆನಾಪ್ಟ್ರಾಗಳ ಮುಂಚೂಣಿ ಪಡೆ ಇಳಿದ ಕೂಡಲೇ ಸರ್ವನಾಶವಾಗುತ್ತದೆ. ಅವರ ಆಯುಧ ಜಾರ್ಬಿಗಳ ಮುಂದೆ ನಡೆಯುವುದಿಲ್ಲ. ಇದು ದೊಡ್ಡ ದುರಂತವಾಗಬೇಕಿತ್ತು. ಇಕ್ಕಟ್ಟಾದ ಸ್ಟುಡಿಯೋದಲ್ಲಿ ಕೆಲವರು ಓಡಿ ಬೀಳುವುದು ಮಾತ್ರ ಕಾಣುತ್ತದೆ. ಇಲ್ಲಿ ಸದ್ದೂ ಕೈಕೊಡುತ್ತದೆ. ಚಿಲಿಪಿಲಿ ಎಲ್ಲವನ್ನೂ ನುಂಗಿ, ಯಾರು ಯಾರಿಗೆ ಏನು ಕೂಗಿದರು ಎಂದು ತಿಳಿಯುವುದಿಲ್ಲ. ಅಷ್ಟು ಕಂತು ಕಾದು ಕೊನೆಗೆ ಅನಿಮಸ್ ಕಣ್ಣಿಗೆ ಬಿದ್ದಾಗ ನಿರಾಸೆಯೇ. ಧ್ವನಿಯಾಗಿದ್ದಷ್ಟು ಹೊತ್ತು ಹೆದರಿಸಿದ್ದು, ರೂಪ ಬಂದ ಮೇಲೆ ಸ್ಟುಡಿಯೋದ ಸಾಮಾನಾಗುತ್ತದೆ.

ಆದರೂ ಆ ಕೊನೆಯಲ್ಲಿ ಒಂದು ವಿಶೇಷ ಇದೆ. ಅನಿಮಸ್‌ ಅನ್ನು ಕೊಲ್ಲುವುದು ಡಾಕ್ಟರ್ ಅಲ್ಲ. ಅವನೂ ವಿಕಿಯೂ ಬಲೆಗೆ ಸಿಕ್ಕಿ ಕುಸಿದಿರುತ್ತಾರೆ. ಮೆನಾಪ್ಟ್ರಾಗಳು ತಯಾರಿಸಿದ ಆಯುಧ ಹಿಡಿದು ಮುಂದೆ ಹೋಗುವವಳು ಬಾರ್ಬರಾ, ಇತಿಹಾಸದ ಟೀಚರ್. ನಾಲ್ವರು ಹೊರಟುಹೋದ ಮೇಲೂ ಕತೆ ಅವರ ಹಿಂದೆ ಓಡುವುದಿಲ್ಲ, ಗ್ರಹದಲ್ಲೇ ಉಳಿಯುತ್ತದೆ. ಪ್ರಾಪಿಲಸ್ ಮತ್ತು ಸಂಗಡಿಗರು ಬೆಳಕಿನ ಬಗ್ಗೆ, ಕಟ್ಟಬೇಕಾದ ಹಾಡಿನ ಬಗ್ಗೆ ಮಾತಾಡುತ್ತಾರೆ. ನೆಮಿನಿಯ ಹೆಸರು ಬರುತ್ತದೆ. ಕೊನೆಯ ಮಾತು ಆ ನೆಲದವರದು.

ಆಮೇಲೆ ಏನಾಯಿತು? ಸ್ಟ್ರಟನ್ ಅದೇ ವರ್ಷ ಇದನ್ನು ಕಾದಂಬರಿಯಾಗಿ ಬರೆದರು. ಟಿ.ವಿ.ಯಲ್ಲಿ ಮತ್ತೆ ಈ ಧಾರಾವಾಹಿ ವೋರ್ಟಿಸ್‌ಗೆ ಮರಳಲಿಲ್ಲ. ಮನುಷ್ಯ ಮುಖವೇ ಇಲ್ಲದ ಗ್ರಹ ಕಟ್ಟುವ ಸಾಹಸಕ್ಕೆ ಮುಂದೆ ಬಹಳ ಕಾಲ ಅದು ಕೈಹಾಕಲಿಲ್ಲ. ಹಣೆಗೊಂದು ಉಬ್ಬು, ಮೈಗೊಂದು ಬಣ್ಣ, ಮಾತು ಚೊಕ್ಕ ಇಂಗ್ಲಿಷ್: ಪರಲೋಕದವರಿಗೆ ಅಷ್ಟು ಸಾಕು ಎಂಬ ತೀರ್ಮಾನ ಟಿ.ವಿ.ಯವರೆಲ್ಲರದೂ ಆಯಿತು. 2007ರಲ್ಲಿ ಬಿಗ್ ಫಿನಿಷ್ ಎಂಬ ಸಂಸ್ಥೆ ಜಾರ್ಬಿಗಳನ್ನು ವಾಪಸು ಕರೆತಂದಿತು. ಹೇಗೆ ಗೊತ್ತೇ? ಧ್ವನಿನಾಟಕವಾಗಿ.

ಆರೂ ಕಂತುಗಳು ಇಂದಿಗೂ ಉಳಿದಿವೆ. ಆ ಕಾಲದ ಎಷ್ಟೋ ಕಂತುಗಳ ಟೇಪನ್ನು ಬಿಬಿಸಿ ಅಳಿಸಿಬಿಟ್ಟಿತು. ಇದು ಬಚಾವಾಗಿದೆ. ನಿಮಗೆ ಸಿಕ್ಕರೆ ನೋಡಿ, ಆದರೆ ಒಂದೇ ರಾತ್ರಿ ಆರನ್ನೂ ಮುಗಿಸಲು ಹೋಗಬೇಡಿ. ವಾರಕ್ಕೊಂದು ಸಾಕು, ಮೊದಲು ಬಂದದ್ದೂ ಹಾಗೇ. ಅಷ್ಟು ತಾಳ್ಮೆ ಇಲ್ಲವಾದರೆ ಮೊದಲನೆಯದು ಮತ್ತು ನಾಲ್ಕನೆಯದು ನೋಡಿ. ಮೂರನೆಯದನ್ನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡರೂ ನಷ್ಟವಿಲ್ಲ. ಜಾರ್ಬಿ ಕ್ಯಾಮೆರಾಕ್ಕೆ ಢೀ ಕೊಟ್ಟ ಸದ್ದು ಅಲ್ಲಿಗೂ ಕೇಳುತ್ತದೆ.